ಅತ್ತೆಯ ಮುಗಿಯದ ನವರಾತ್ರಿ

ನವರಾತ್ರಿಗೆ ಒಂಬತ್ತೇ ದಿನ ಎಂದು ನೀವು ನಂಬಿದ್ದರೆ, ನಮ್ಮ ಸೋದರತ್ತೆಯನ್ನು ನೀವು ಕಂಡಿಲ್ಲ ಎಂದರ್ಥ! ತೊಂಬತ್ತರ ದಶಕದಲ್ಲಿ, ವಾಷಿಂಗ್ಟನ್ ಪಕ್ಕದ ಫೇರ್‌ಫ್ಯಾಕ್ಸ್‌ನಲ್ಲಿ, ಅವರ ನವರಾತ್ರಿ ಅಕ್ಟೋಬರ್ ಮೂವತ್ತೊಂದರವರೆಗೂ ನಡೆಯುತ್ತಿತ್ತು. ಅಂದು ಹ್ಯಾಲೋವೀನ್. ಅಮೆರಿಕದ ಮಕ್ಕಳು ದೆವ್ವ-ಭೂತಗಳ ವೇಷ ಹಾಕಿ ಮನೆಮನೆಗೆ ಹೋಗಿ ಸಿಹಿ ಕೇಳುವ ದಿನ.

"ಅತ್ತೆ, ವಿಜಯದಶಮಿ ಆಗಿ ಎರಡು ವಾರ ಆಯ್ತು. ಗೊಂಬೆ ಎತ್ತಿಡೋದಲ್ವಾ?" ಎಂದರೆ, "ಮಕ್ಕಳೇ ಬರದೆ ಗೊಂಬೆ ಹಬ್ಬ ಹ್ಯಾಗೋ ಮುಗಿಯುತ್ತೆ?" ಎನ್ನುತ್ತಿದ್ದರು. ಮೈಸೂರಿನಲ್ಲಾದರೆ ಬೀದಿಯ ಮಕ್ಕಳೆಲ್ಲ "ಗೊಂಬೆ ಕೂರ್ಸಿದ್ದೀರಾ?" ಎಂದು ಬಂದು, ಒಂದು ಹಾಡು ಹೇಳಿ, ಚರುಪಿನ ತಿಂಡಿ ತಿಂದು ಹೋಗುತ್ತಾರೆ. ಇಲ್ಲಿ ಯಾರು ಬರಬೇಕು? ಅತ್ತೆ-ಮಾವನಿಗೆ ಮಕ್ಕಳಿಲ್ಲ. ಮಾವನಿಗೆ ಪ್ರಯೋಗಾಲಯವೇ ಮನೆ. ಶನಿವಾರ ಊಟಕ್ಕೆ ಹಾಜರಾಗುವ ನಾನೊಬ್ಬನೇ ಗಿರಾಕಿ.

ಅಪಾರ್ಟ್‌ಮೆಂಟ್ ಬಿಟ್ಟು ಆ ಬೀದಿಗೆ ಬಂದ ಮೊದಲ ವರ್ಷ "ಟ್ರಿಕ್ ಆರ್ ಟ್ರೀಟ್" ಎಂದು ಬಾಗಿಲು ಬಡಿದ ಪಿಶಾಚಿಗಳ ಗತಿ ಏನಾಯಿತೆನ್ನುತ್ತೀರಿ? ಅತ್ತೆ ಒಳಗೆ ಕರೆತಂದು ಗೊಂಬೆ ತೋರಿಸಿದರು, ಹಾಡು ಹೇಳಿಸಿದರು, ಬಣ್ಣದ ರಕ್ತ ಸೋರುವ ಹಣೆಯಲ್ಲೂ ಜಾಗ ಹುಡುಕಿ ಕುಂಕುಮ ಇಟ್ಟರು. ಪಾಪ, ಹೆದರಿಸಲು ಬಂದವರೇ ಹೆದರಿದರು! ಅಸ್ಥಿಪಂಜರದ ವೇಷದ ಹುಡುಗಿಗೆ "ಏನೇ ಇಷ್ಟು ಸೊರಗಿದ್ದೀಯ!" ಎಂದು ಎರಡು ಕೊಬ್ಬರಿ ಮಿಠಾಯಿ ಹೆಚ್ಚಿಗೆ ಕೊಟ್ಟರು.

ಮರುದಿನ ಅತ್ತೆ, ನಾನು ಇಬ್ಬರೂ ವಾಕ್ ಹೊರಟರೆ, ಮೂರು ಮನೆಯ ಕಸದ ಡಬ್ಬಿಯಲ್ಲಿ ಅದೇ ಕೊಬ್ಬರಿ ಮಿಠಾಯಿ. ಗುರುತಿಲ್ಲದವರು ಮನೆಯಲ್ಲಿ ಮಾಡಿದ ತಿಂಡಿಯನ್ನು ಇಲ್ಲಿನ ತಂದೆತಾಯಿ ಮಕ್ಕಳಿಗೆ ತಿನ್ನಲು ಬಿಡುವುದಿಲ್ಲ ಎಂದು ನಾನು ಮೊದಲೇ ಹೇಳಬೇಕಿತ್ತು.

"ಮುಂದಿನ ವರ್ಷ ಪ್ಯಾಕೆಟ್ ಚಾಕೊಲೇಟ್ ತಂದಿಡಿ, ಅತ್ತೆ."

"ಪ್ಯಾಕೆಟ್ ಕೊಡೋಕೆ ಅಂಗಡಿಯವನು ಸಾಕಲ್ಲೋ, ನಾನ್ಯಾಕೆ?"

ಮನೆಗೆ ಬಂದವರೇ ಉಳಿದ ಮಿಠಾಯಿಯ ಡಬ್ಬಿಯನ್ನು ಕಪಾಟಿನ ಹಿಂದಕ್ಕೆ ತಳ್ಳಿದರು. ನನಗೆ ಬಹಳ ಸಂಕಟವಾಯಿತು.

ಮರುವರ್ಷ ಏನು ಮಾಡಿದರು ಗೊತ್ತೆ? ಹ್ಯಾಲೋವೀನಿಗೆ ವಾರವಿರುವಾಗ ರೇಷ್ಮೆ ಸೀರೆಯ ಮೇಲೆ ಕೋಟು ಹಾಕಿಕೊಂಡು, ಕುಂಕುಮದ ಭರಣಿ ಹಿಡಿದು, ಬೀದಿಯ ಅಷ್ಟೂ ಮನೆಗೆ ಕರೆಯಲು ಹೊರಟರು! ಒಂದು ಫೋನ್ ಕೂಡ ಮಾಡದೆ!

"ಅತ್ತೆ, ಇಲ್ಲಿ ಹೀಗೆಲ್ಲ ಹೋಗ್ಬಾರ್ದು!" ಎಂದು ನಾನು ಹಿಂದೆ ಹಿಂದೆ ಗೋಗರೆದೆ.

"ಗುರುತಿಲ್ಲ ಅಂತ ತಾನೇ ಎಸೆದಿದ್ದು? ಗುರುತು ಮಾಡ್ಕೊಂಡ್ರಾಯ್ತು. ಸುಮ್ನೆ ಬಾ!"

ಪ್ರತಿ ಬಾಗಿಲಲ್ಲೂ ಒಂದೇ ಪಲ್ಲವಿ: ಮಕ್ಕಳ ಜೊತೆ ನೀವೂ ಬನ್ನಿ, ನನ್ನ ಅಡುಗೆಮನೆ ನೋಡಿ, ಮೊದಲು ನೀವು ತಿನ್ನಿ, ಆಮೇಲೆ ಮಕ್ಕಳಿಗೆ ಕೊಡಿ.

ಹ್ಯಾಲೋವೀನ್ ಸಂಜೆ ಆರಾಯಿತು, ಆರೂವರೆಯಾಯಿತು. ಎದುರು ಮನೆಗೆ ಭೂತಗಳ ದಂಡೇ ಹೋಯಿತು. ನಮ್ಮ ಕಡೆ ಒಂದೂ ತಿರುಗಲಿಲ್ಲ. ಅತ್ತೆ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಿದ್ದರು. ಒಳಗೆ ಬನ್ನಿ ಎನ್ನಲು ನನಗೆ ಧೈರ್ಯವಾಗಲಿಲ್ಲ.

ಏಳಕ್ಕೆ ಬಂದರು ನೋಡಿ! ಇಡೀ ಬೀದಿ, ಅಪ್ಪ-ಅಮ್ಮಂದಿರ ಸಮೇತ! ಈ ಮನೆಯನ್ನು ಕೊನೆಗಿಟ್ಟುಕೊಂಡರೆ ನಿಧಾನವಾಗಿ ಕೂರಬಹುದು ಎಂದು ಅವರವರೇ ಮಾತಾಡಿಕೊಂಡಿದ್ದರಂತೆ. ಪುಟ್ಟ ಮಾಟಗಾತಿಯೊಬ್ಬಳ ತಾಯಿ ಒಂದು ಮಿಠಾಯಿ ತಿಂದು ಎರಡನೆಯದಕ್ಕೂ ಕೈ ಹಾಕಿದಳು. ಅಷ್ಟೇ, ದಂಡು ತಟ್ಟೆಗೆ ಮುತ್ತಿಗೆ ಹಾಕಿತು. ಅಸ್ಥಿಪಂಜರದ ಹುಡುಗಿ ಮುಖವಾಡ ಮೇಲೆತ್ತಿ ತಿಂದು, ಬಾಯಿ ಒರೆಸಿಕೊಂಡು, ಅತ್ತೆಯ ಸೆರಗು ಎಳೆದಳು.

"ಕ್ಯಾನ್ ಐ ಕಮ್ ಟುಮಾರೋ ಟೂ?"

ಇಪ್ಪತ್ತು ವರ್ಷ ಅಮೆರಿಕದ ಕಾಲೇಜಿನಲ್ಲಿ ಇಂಗ್ಲಿಷಿನಲ್ಲೇ ಪಾಠ ಹೇಳಿದ ನಮ್ಮತ್ತೆ ನನ್ನ ಕಡೆ ತಿರುಗಿದರು. ಕಣ್ಣು ತುಂಬಿತ್ತು.

"ಏನಂದ್ಳೋ ಮಗು? ಒಂದ್ಸಲ ಕನ್ನಡದಲ್ಲಿ ಹೇಳೋ."

"ನಾಳೆನೂ ಬರ್ಲಾ ಅಂತಿದಾಳೆ, ಅತ್ತೆ" ಎಂದೆ.