ಮಾವನಿಗೆ ತಿರುಗಿ ಒಪ್ಪಿಸುವುದು

ನಮ್ಮ ಸೋದರಮಾವನ ಜೊತೆ ಮಾತಾಡಿ ಬಂದವರು ಯಾರೂ ಅವರ ಮಾತನ್ನು ಮರೆತಿಲ್ಲ. ಹಾಗಂತ ಮಾವ ಜ್ಞಾನಿಗಳೇನೂ ಅಲ್ಲ. ಹೇಳಿದ್ದನ್ನು ತಿರುಗಿ ಒಪ್ಪಿಸುವ ತನಕ ಅವರು ಬಿಡಬೇಕಲ್ಲ!

ಅಂತರಸಂತೆ ಕಡೆಯ ಗುಡ್ಡದ ಮೇಲಿನ ವೈರ್‌ಲೆಸ್ ಕೋಣೆಯಲ್ಲಿ ಅವರ ಕೆಲಸ. ಕಾಡಿನಿಂದ ಆನೆ ಹೊರಬಿದ್ದರೆ ಸುತ್ತಲಿನ ಹಾಡಿ, ಹಳ್ಳಿಗಳ ಕಾವಲಿನವರಿಗೆ ವಾಕಿಟಾಕಿಯಲ್ಲಿ ಸುದ್ದಿ ಮುಟ್ಟಿಸಬೇಕು. ಕೇಳಿಸಿಕೊಂಡವರು ಅದನ್ನೇ ತಿರುಗಿ ಹೇಳಬೇಕು, ಅದು ಅಲ್ಲಿನ ಪದ್ಧತಿ. ಅದನ್ನು ಹೋಟೆಲಿಗೂ ಮದುವೆಮನೆಗೂ ತಂದವರು ಮಾತ್ರ ನಮ್ಮ ಮಾವ.

ಹುಣಸೂರಿನ ಹೋಟೆಲಿನಲ್ಲಿ ಒಮ್ಮೆ "ಎಲ್ಡು ಕಾಫಿ, ಒಂದಕ್ಕೆ ಸಕ್ಕರೆ ಬ್ಯಾಡ" ಅಂದರು. ಸಪ್ಲೈಯರ್ ತಲೆಯಾಡಿಸಿ ಹೊರಟ.

"ನಿಂತ್ಕೊಳಪ್ಪ. ನಾನೇನಂದೆ?"

ಆತ ಅಕ್ಷರ ಬಿಡದೆ ಒಪ್ಪಿಸಿದ. ಆಮೇಲೆ ಎರಡಕ್ಕೂ ಸಕ್ಕರೆ ಹಾಕಿ ತಂದ!

ನನ್ನ ಮದುವೆಯಲ್ಲಿ "ನೂರ್ ಕಾಲ ಚೆಂದಾಗಿ ಬಾಳಿ" ಎಂದು ಅಕ್ಷತೆಯನ್ನು ಕೈಯಲ್ಲೇ ಹಿಡಿದು ನಿಂತುಬಿಟ್ಟರು. ಹಿಂದೆ ಸಾಲು ಬೆಳೆಯುತ್ತಿತ್ತು. ಕೊನೆಗೆ ನಾವಿಬ್ಬರೂ "ನೂರ್ ಕಾಲ ಚೆಂದಾಗಿ ಬಾಳ್ತೀವಿ ಮಾವ" ಎಂದ ಮೇಲೆಯೇ ಅಕ್ಷತೆ ಬಿದ್ದದ್ದು. ಜಗಳವಾದಾಗಲೆಲ್ಲ ನನ್ನ ಹೆಂಡತಿ ಅದನ್ನು ನೆನಪಿಸುತ್ತಾಳೆ.

ನಗಬೇಡಿ ಎನ್ನಲಾರೆ, ನಾನೂ ನಕ್ಕಿದ್ದೇನೆ. ಆದರೆ ಅತ್ತೆ, ಅಂದರೆ ಮಾವನ ಹೆಂಡತಿ, ಇದ್ದಾಗ ಮಾವ ಈ ಪದ್ಧತಿಯನ್ನು ಗುಡ್ಡದ ಮೇಲೇ ಬಿಟ್ಟು ಬರುತ್ತಿದ್ದರು. ಒಂದು ದಿನ ಸಂಜೆ ಸಲಗವೊಂದು ಕೆರೆ ದಾಟಿತೆಂದು ಮೂರು ಸಲ ಕೂಗಿ ಹೇಳಿದರು. ಎಲ್ಲರೂ ತಿರುಗಿ ಹೇಳಿದರು, ಅವರದೇ ಊರಿನ ಕಾವಲಿನವನೊಬ್ಬನನ್ನು ಬಿಟ್ಟು. ಕೇಳಿಸಿರುತ್ತದೆ ಬಿಡು ಎಂದುಕೊಂಡರು. ಊರಿರುವುದು ದಿಬ್ಬದ ಮರೆಯ ತಗ್ಗಿನಲ್ಲಿ, ಒಂದಕ್ಷರವೂ ಮುಟ್ಟಿರಲಿಲ್ಲ. ಅತ್ತೆ ಹೊಲದಲ್ಲಿ ಅವರೆಕಾಯಿ ಬಿಡಿಸುತ್ತಿದ್ದರು. ಅವರು ಮನೆಗೆ ಬರಲಿಲ್ಲ.

ಆಮೇಲೆ ಆ ತಗ್ಗಿಗೂ ಮಾತು ಮುಟ್ಟುವಂತೆ ಮಾಡಿ ಎಂದು ಮಾವ ಅರ್ಜಿ ಬರೆದದ್ದೇ ಬರೆದದ್ದು. ಈ ವರ್ಷ ಎದುರಿನ ಗುಡ್ಡದ ಮೇಲೂ ಅದೇ ಫ್ರೀಕ್ವೆನ್ಸಿಯ ಇನ್ನೊಂದು ಟ್ರಾನ್ಸ್‌ಮಿಟರ್ ಬಂತು. ಎರಡೂ ಗುಡ್ಡಗಳು ಒಂದೇ ಮಾತನ್ನು ಒಂದೇ ಕ್ಷಣಕ್ಕೆ ಆಡಬೇಕಂತೆ. ಒಂದು ಚೂರು ಹಿಂದೆ ಬಿದ್ದರೂ ಎರಡರ ನಡುವಿನ ಜಾಗದಲ್ಲಿ ಮಾತು ಕಲಸಿಹೋಗುತ್ತದೆ. ಆ ನಡುವಿನ ಜಾಗವೇ ಮಾವನ ಹೊಲ. ಮೊದಲ ದಿನ ಅಲ್ಲಿ ಬರೀ ಗೊರಗೊರ. ಮೆಕ್ಯಾನಿಕ್ ಎರಡು ದಿನ ತಿಣುಕಾಡಿ ಹೊಂದಿಸಿ, "ಈಗ ಸರಿಯಾಗೈತೆ ಸಾರ್" ಅಂದ. ಮಾವ ನಂಬಬೇಕಲ್ಲ!

ನನ್ನನ್ನು ಗುಡ್ಡದ ಕೋಣೆಯಲ್ಲಿ ಕೂರಿಸಿ, "ಅವತ್ತು ನಾನೇಳಿದ್ನೇ ಹೇಳಪ್ಪ, ನಾನು ಒಲದಲ್ಲಿ ನಿಂತ್ಕೊಂಡು ಕೇಳ್ತೀನಿ" ಎಂದು ವಾಕಿಟಾಕಿ ಹಿಡಿದು ಇಳಿದು ಹೋದರು. ಹೇಳಬೇಕಾದ್ದನ್ನು ನಾನು ಅವರಿಗೆ ಮೂರು ಸಲ ಒಪ್ಪಿಸಿದ್ದೆ. ಇದು ಬರೀ ಪರೀಕ್ಷೆ ಎಂದು ಕಾವಲಿನವರೆಲ್ಲರೂ ಮೊದಲೇ ತಿರುಗಿ ಹೇಳಿಯಾಗಿತ್ತು.

ಸಂಜೆ ಬಟನ್ ಒತ್ತಿ ಹೇಳಿದೆ: "ಸಲಗ ಕೆರೆ ದಾಟೈತೆ. ಹೊಲದಲ್ಲಿರೋರು ಮನೆಗೆ ಹೋಗಿ."

ಊರೆಲ್ಲರ ಕೈಲಿ ಒಪ್ಪಿಸಿಕೊಂಡ ಮನುಷ್ಯ ಈಗ ತಾನೇ ಒಪ್ಪಿಸಬೇಕಿತ್ತು. ಮಾತು ಮುಟ್ಟಲಿಲ್ಲವೇನೋ ಎಂದು ಸೆಟ್ಟಿನ ವಾಲ್ಯೂಮ್ ಏರಿಸಿದೆ. ಇನ್ನೊಮ್ಮೆ ಬಟನ್ ಒತ್ತಬೇಕು, ಅಷ್ಟರಲ್ಲಿ ಮಾವನ ದನಿ ಬಂತು. ಒಂದಕ್ಷರವೂ ಕಲಸಿರಲಿಲ್ಲ.

"ಕೇಳುಸ್ತು ಕಣಪ್ಪ. ಸಲಗ ಕೆರೆ ದಾಟೈತೆ."

ಆಮೇಲೆ, ಅವತ್ತು ಅತ್ತೆ ಹೇಳಬೇಕಾಗಿದ್ದುದನ್ನು ಅವರೇ ಹೇಳಿದರು.

"ಅವರೆಕಾಯಿ ಇಲ್ಲೇ ಬುಟ್ಟು ಮನೆಗೆ ಓಯ್ತಿವ್ನಿ."