ಚಾಲುಕ್ಯರು ಖಾರ ತಿನ್ನುತ್ತಿರಲಿಲ್ಲ

ನಮ್ಮ ಕಾಕಾ ಬೆಟಗೇರಿಯಲ್ಲಿದ್ದರು ಅಂತ ಜನ ಹೇಳುತ್ತಾರೆ. ಶುದ್ಧ ಸುಳ್ಳು! ಅವರು ಇದ್ದದ್ದು ಚಾಲುಕ್ಯರ ಕಾಲದಲ್ಲಿ. ಊಟಕ್ಕೆ ಮತ್ತು ನಿದ್ದೆಗೆ ಮಾತ್ರ ಬೆಟಗೇರಿಗೆ ಬಂದು ಹೋಗುತ್ತಿದ್ದರು.

ಶಿರಹಟ್ಟಿ, ಮುಂಡರಗಿ, ಲಕ್ಷ್ಮೇಶ್ವರ ಅಂತ ಊರೂರು ತಿರುಗಿ ಇತಿಹಾಸ ಕಲಿಸಿ ನಿವೃತ್ತರಾದ ಮಾಸ್ತರು ಅವರು. ಶಾಲೆ ಬಿಟ್ಟರೂ ಪಾಠ ಬಿಡಲಿಲ್ಲ. ಒಮ್ಮೆ ಕ್ಷೌರದ ಅಂಗಡಿಯಲ್ಲಿ ಅರ್ಧ ಗಡ್ಡ ಹೋಗಿರುವಾಗ ಹಳಗನ್ನಡ ಕಾವ್ಯದ ಮಾತು ತೆಗೆದರು. ಆವೇಶದಲ್ಲಿ ಕುರ್ಚಿಯಿಂದ ಎದ್ದವರು ಹಾಗೇ ಪದ್ಯ ಹೇಳಿಕೊಳ್ಳುತ್ತ ಮನೆಗೇ ಬಂದುಬಿಟ್ಟರು! ಅವರ ಹೆಂಡತಿ, ಅಂದರೆ ನಮ್ಮ ಕಾಕು, ಬಾಗಿಲಲ್ಲೇ ತಡೆದಳು.

"ಇನ್ನರ್ಧಾ ಗಡ್ಡಾ ಯಾವ ಗುಡಿಗೆ ದತ್ತಿ ಬಿಟ್ಟೀರಿ?"

ಎಪ್ಪತ್ತರ ದಶಕದ ಕೊನೆಗೆ ನಾನು ಕಾಲೇಜು ಕಲಿಯಲು ಅವರ ಮನೆಯಲ್ಲಿದ್ದೆ. ಖರೆ ಹೇಳಬೇಕೆಂದರೆ ಕಾಕು ಅರೆಯುವ ಕೆಂಪು ಖಾರಕ್ಕಾಗಿ ಇದ್ದೆ. ಆ ಭರಣಿಯ ಬಾಯಿ ತೆಗೆದರೆ ಓಣಿಯ ತುದಿಯವರಿಗೂ ಸೀನು! ಅವಳಿಗೂ ಖಾರವೆಂದರೆ ಜೀವ. ಆದರೆ ಆ ವರ್ಷ ಅವಳಿಗೆ ಹೊಟ್ಟೆನೋವು ಗಂಟುಬಿತ್ತು. ಒಂದು ರೊಟ್ಟಿಯೂ ಪೂರ್ತಿ ಹೋಗದು, ಕೈಬಳೆ ಮೊಣಕೈಗೆ ಜಾರುವಷ್ಟು ಸೊರಗಿದಳು. ಕಾಕಾ ಹುಬ್ಬಳ್ಳಿಗೆ ಕರೆದೊಯ್ದು ತೋರಿಸಿಕೊಂಡು ಬಂದರು. ಡಾಕ್ಟರು ಏನಂದರು ಅಂತ ನಾನು ಕೇಳಿದರೆ, "ಗುಳಿಗಿ ಕೊಟ್ಟಾರ" ಅಂದರು ಕಾಕಾ, ಅಷ್ಟೇ.

ಇಂಥ ಹೊತ್ತಿನಲ್ಲಾದರೂ ಮನುಷ್ಯ ಸುಮ್ಮನಿರಬೇಕೋ ಬೇಡವೋ? ಊಟಕ್ಕೆ ಕೂತ ಕಾಕಾ ತಾಟು ಸರಿಸಿ ಸಾರಿದರು:

"ಮೆಣಸಿನಕಾಯಿ ನಮ್ಮದಲ್ಲ. ಫರಂಗಿಯವರು ಹಡಗದಾಗ ತಂದದ್ದು. ನಮ್ಮ ಚಾಲುಕ್ಯರು ಅದರ ಮಾರಿ ಸುದ್ದಾ ನೋಡಿದ್ದಿಲ್ಲ. ಇವತ್ತಿನಿಂದ ಈ ಮನ್ಯಾಗ ಚಾಲುಕ್ಯರ ಅಡಗಿ!"

ಕಾಕು ಅವರ ಮೂಗಿನ ಮೇಲಿನ ಕನ್ನಡಕ ನೋಡಿದಳು. "ಚಾಲುಕ್ಯರು ಚಾಳೀಸ ಹಾಕ್ತಿದ್ರೇನ್ರಿ?"

"ಅದು ಕಣ್ಣಿನ ಮಾತು. ನಾ ಹೊಟ್ಟಿ ಮಾತಾಡಾಕತ್ತೇನಿ."

ಭರಣಿ ಪಕ್ಕದ ಮನೆಗೆ ಹೋಯಿತು. ನಮ್ಮ ಪಾಲಿಗೆ ಜೀರಿಗೆ ಹಾಕಿದ ಹೆಸರುಬೇಳೆ, ರೊಟ್ಟಿ, ಮಜ್ಜಿಗೆ. ಗದಗ-ಬೆಟಗೇರಿಯಲ್ಲಿದ್ದುಕೊಂಡು ಸಪ್ಪೆ ಊಟ! ಯಾವ ಜನ್ಮದ ಪಾಪವೋ! ನಾನು ಕಲಿತ ವಿದ್ಯೆಯನ್ನೆಲ್ಲ ಪ್ರಯೋಗಿಸಿದೆ.

"ಕಾಕಾ, ಶೇಂಗಾನೂ ಹಡಗದಾಗ ಬಂದದ್ದಲ್ರಿ?" ಅವರು ಆಗ ಶೇಂಗಾ ಹೋಳಿಗೆ ಮುರಿಯುತ್ತಿದ್ದರು.

"ಅದು ಬ್ಯಾರೆ ಹಡಗ."

"ಕರಿಮೆಣಸರ ಹಾಕಬಹುದಲ್ರಿ? ಅದು ನಮ್ಮ ದೇಶದ್ದ ಐತಿ."

ಕಾಕಾ ತಬ್ಬಿಬ್ಬಾದರು. ಗಂಟಲು ಸರಿಮಾಡಿಕೊಂಡು, "ಅದೆಲ್ಲಾ ಅರಮನಿಗೆ ಹೋಗ್ತಿತ್ತು. ನಾವು ಬಡ ಪ್ರಜಾ. ಸುಮ್ಮನ ಉಣ್ಣು" ಅಂದರು.

ನನಗೆ ಸಿಟ್ಟು ನೆತ್ತಿಗೇರಿತು. ನೋವು ತಿನ್ನುತ್ತಿರುವ ಹೆಂಗಸಿಗೆ ಬಾಯಿರುಚಿ ಅಂತ ಇದ್ದದ್ದೇ ಅದೊಂದು. ಅದನ್ನೂ ಕಸಿದುಕೊಳ್ಳುವುದೇ? ಕಾಕುವಾದರೂ ಜಗಳ ತೆಗೆಯಬೇಡವೇ? ಅವಳು ನಗುತ್ತ ಬೇಳೆ ಬಡಿಸುತ್ತಿದ್ದಳು.

ಬಸ್ ಸ್ಟ್ಯಾಂಡಿನ ಹತ್ತಿರ ಮಿರ್ಚಿ ಭಜಿ ಗಾಡಿ ಇಟ್ಟಿದ್ದ ದಾದಾಪೀರ ಕಾಕಾರ ಹಳೆಯ ವಿದ್ಯಾರ್ಥಿ. ಖಬರು ಅವನಿಗೂ ಮುಟ್ಟಿತು.

"ಮಾಸ್ತರ್ರ, ನಿಮ್ಮ ಚಾಲುಕ್ಯರು ಸೋತದ್ದು ಇದಕ್ಕ ಇರಬೇಕ್ರಿ. ಯುದ್ಧಕ್ಕ ಹೋಗೂಮುಂದ ನಾಕು ಮಿರ್ಚಿ ತಿಂದಿದ್ರ ಖರೇನ ಗೆಲ್ತಿದ್ರು!"

"ಲೇ, ಇತಿಹಾಸದಾಗ ಆವಾಗೂ ನಪಾಸು, ಈಗೂ ನಪಾಸು ನೀ" ಅಂದು ಕಾಕಾ ಧೋತರದ ಚುಂಗು ಎತ್ತಿಕೊಂಡು ನಡೆದರು.

ಹೀಗಿರುವಾಗ ಒಂದು ಸಂಜೆ ಕಾಲೇಜಿನಿಂದ ಬರುತ್ತಿದ್ದೆ. ದಾದಾಪೀರನ ಗಾಡಿಯ ಹಿಂದೆ ಗೋಣಿತಟ್ಟಿನ ಮರೆಯಲ್ಲಿ ಯಾರು ಕೂತಿರಬೇಕು? ಸಾಕ್ಷಾತ್ ಚಾಲುಕ್ಯ ಚಕ್ರವರ್ತಿ! ಕೈಯಲ್ಲಿ ಮಿರ್ಚಿ, ಕಣ್ಣಲ್ಲಿ ನೀರು, ಮೂಗು ಸೊರಸೊರ. ನನ್ನನ್ನು ಕಂಡವರು ನುಂಗಲಾರದೆ ಉಗುಳಲಾರದೆ ಒದ್ದಾಡಿ, "ಸಂಶೋಧನಾ..." ಅಂದರು.

ಸಂಶೋಧನೆಯಂತೆ! ನಾನು ಧುಮುಗುಡುತ್ತ ಮನೆಗೆ ಓಡಿದೆ. ರೊಟ್ಟಿ ಬಡಿಯುತ್ತಿದ್ದ ಕಾಕುವಿಗೆ ಒಂದೇ ಉಸಿರಿಗೆ ಎಲ್ಲ ಒದರಿದೆ. ಅವಳ ಕೈ ನಿಲ್ಲಲಿಲ್ಲ.

"ಗೊತ್ತೈತಿ. ಮಾಸ್ತರಿಗೆ ಬಿಸೀವ ಕೊಡು ಅಂತ ದಾದಾಪೀರಗ ಹೇಳಿ ಕಳಿಸಿದಾಕಿನ ನಾ."

ಕಾಕು ಹಂಚಿನ ಮೇಲಿನ ರೊಟ್ಟಿ ಹೊರಳಿಸಿದಳು.

"ಹೊಟ್ಟ್ಯಾಗ ಹುಣ್ಣು ಆಗೇತಿ, ಖಾರ ಮುಟ್ಟಿದ್ರ ಉಳಿಯಂಗಿಲ್ಲ ಅಂದ್ರು ಡಾಕ್ಟರು. ನಿಮ್ಮ ಕಾಕಾಗ ಖಾರ ಇಲ್ಲದ ತುತ್ತು ಇಳಿಯೂದಿಲ್ಲ. ಅವರಿಗಂತ ಅರದ್ರ ನನ್ನ ಕೈ ಸುಮ್ಮನ ಇರೂದಿಲ್ಲ. ಹೆಂಗ ಬಿಡ್ಲಿ ಅಂತ ಬಸ್ಸಿನಾಗ ಅತ್ತೆ. ಅವರು ಕಿಡಕಿ ಹೊರಗ ನೋಡ್ಕೋತ ಕುಂತ್ರು. ಮರುದಿನ ನಮ್ಮ ಮನಿಗೆ ಚಾಲುಕ್ಯರು ಬಂದ್ರು."

"ನಿನಗ ತಿಳದೈತಿ ಅಂತ ಅವರಿಗೆ ಹೇಳಿಲ್ಲೇನು?"

"ಯಾಕ ಹೇಳ್ಲಿ? ಪಾಪ, ಎಷ್ಟು ಚಂದ ಪಾಠ ಮಾಡ್ಯಾರ!"

ಅಷ್ಟರಲ್ಲಿ ಕಾಕಾ ಬಂದರು. ಬಾಯಿ ತೊಳೆದುಕೊಂಡು, ನನ್ನ ಕಡೆ ನೋಡದೆ ತಾಟಿನ ಮುಂದೆ ಕೂತರು. ಸಪ್ಪೆ ಬೇಳೆಯ ಒಂದು ತುತ್ತು ಬಾಯಿಗಿಟ್ಟು, "ಆಹಾ! ದೊರಿಗೂ ಇಂಥಾ ಊಟ ಸಿಕ್ಕಿರಲಿಕ್ಕಿಲ್ಲ" ಅಂದರು. ತುಟಿ ಇನ್ನೂ ಕೆಂಪಗೆ ಉರಿಯುತ್ತಿತ್ತು.

ಕಾಕು ಏನೂ ಕೇಳದೆ ತಾಟಿನ ಅಂಚಿಗೆ ಒಂದು ತುಂಡು ಬೆಲ್ಲ ಇಟ್ಟಳು. ಕಾಕಾ ಬೆಲ್ಲ ನೋಡಿದರು, ಆಮೇಲೆ ಅವಳ ಮುಖ ನೋಡಿದರು. ಬೆಲ್ಲದ ಇತಿಹಾಸವನ್ನೂ ತಾಸುಗಟ್ಟಲೆ ಹೇಳಬಲ್ಲ ಮನುಷ್ಯ, ಅಂದು ಸುಮ್ಮನೆ ಬಾಯಿಗೆ ಹಾಕಿಕೊಂಡರು.