ಒಂದನೇ ನಂಬರಿನ ಮರ್ಯಾದೆ

ಮೆದೇರ್ ಮಾಡಿದ ತಪ್ಪು ಇಷ್ಟೇ: ಸಕ್ಕರೆ ಕಾರ್ಖಾನೆಯ ಯಂತ್ರಗಳಿಗೆ ನಂಬರಿನ ತಗಡು ಬಿಗಿಯುವ ಕೆಲಸವನ್ನು ಅವನು ಬಾಗಿಲ ಪಕ್ಕದಿಂದ ಶುರು ಮಾಡಿದ.

ಬಿಶ್ಕೆಕ್‌ನ ಹೊಸ ಮಾಲೀಕರು ಕಂಪ್ಯೂಟರ್ ಕಳಿಸಿದ್ದರು. ಅದಕ್ಕೆ 'ಮೂಲೆಯಲ್ಲಿ ಕೆಮ್ಮುವ ಪಂಪು', 'ಬುರುಲಕ್ಕನ ಬಾಯ್ಲರ್' ಎಂದರೆ ತಲೆಬುಡ ತಿಳಿಯುತ್ತಿರಲಿಲ್ಲ. ಯಾವುದಕ್ಕೆ ಎಣ್ಣೆ ಬಿದ್ದಿದೆ, ಯಾವುದರ ಬೇರಿಂಗ್ ಸವೆದಿದೆ, ಎಲ್ಲವನ್ನೂ ನಂಬರು ಹಿಡಿದೇ ಹೇಳಬೇಕು. ನಂಬರು ಕೊಡುವ ಕೆಲಸ ರಿಪೇರಿ ಶೆಡ್ಡಿನ ಮೆದೇರ್‌ನ ತಲೆಗೆ ಬಂತು.

"ಸಂಜೆ ತಪಾಸಣೆಯವರು ಬರ್ತಾರೆ. ಅಷ್ಟರೊಳಗೆ ಮುಗಿಸಿದ್ರೆ ನಾಳೆ ರಜೆ. ಇಲ್ದಿದ್ರೆ ಇಸ್ಸ್..." ಎಂದರು ನಿರ್ದೇಶಕ ಶೈಮ್‌ಬೆಕ್. ಅವರ ಮಾತು ಯಾವಾಗಲೂ ಹಬೆ ಬಿಡುವ ವಾಲ್ವಿನ ಹಾಗೆ ಕೊನೆಗೊಳ್ಳುತ್ತಿತ್ತು.

ಆ ರಜೆ ಮೆದೇರ್‌ಗೆ ಬೇಕೇ ಬೇಕಿತ್ತು. ಅವನ ಮಗಳು ಹೆಜ್ಜೆ ಇಡಲು ಕಲಿತಿದ್ದಳು. ಅವಳ ಪುಟ್ಟ ಕಾಲುಗಳಿಗೆ ದಾರ ಕಟ್ಟಿ ಕತ್ತರಿಸುವ ಶಾಸ್ತ್ರ ನಾಳೆ ಮಾವನ ಊರಿನಲ್ಲಿ. ಕುರಿ ಕೊಂಡಾಗಿತ್ತು, ನೆಂಟರನ್ನು ಕರೆದಾಗಿತ್ತು. "ಮಗೂಗೆ ನಡೆಯೋಕೆ ಬಂತು, ಅವರಪ್ಪಂಗೆ ಬರೋಕೆ ಆಗ್ಲಿಲ್ಲ ಅಂತ ನಮ್ಮಮ್ಮ ಊರೆಲ್ಲ ಡಂಗುರ ಹೊಡೀತಾಳೆ, ನೋಡ್ಕೋ" ಎಂದು ಹೆಂಡತಿ ಮೊದಲೇ ಹೇಳಿದ್ದಳು.

ಬಾಗಿಲ ಬಳಿಯ ಬೀಟ್‌ರೂಟ್ ತೊಳೆಯುವ ಯಂತ್ರಕ್ಕೆ ಒಂದು, ಪಕ್ಕದ್ದಕ್ಕೆ ಎರಡು, ಅದರಾಚೆಯದಕ್ಕೆ ಮೂರು. ನಾಲ್ಕಕ್ಕೆ ಸ್ಕ್ರೂ ಹಿಡಿಯುವಾಗ ಬೆನ್ನ ಹಿಂದೆ ಬಾಯ್ಲರ್ ನಡೆಸುವ ಬುರುಲಕ್ಕ ನಿಂತಿದ್ದಳು. ಸೊಂಟದ ಮೇಲೆ ಎರಡೂ ಕೈ.

"ಏನೋ ಮೆದೇರ್, ಆ ತೊಳೆಯೋ ಡಬ್ಬಾಕ್ಕೆ ಒಂದನೇ ನಂಬರಂತೆ?"

"ಬಾಗಿಲ ಹತ್ರ ಇದ್ಯಲ್ಲಕ್ಕ. ಅಲ್ಲಿಂದ ಶುರು ಮಾಡಿದೆ."

"ಬಾಗಿಲ ಹತ್ರ ಕೂರೋರು ಯಾರು? ಎಲ್ಲರಿಗಿಂತ ಚಿಕ್ಕೋರು, ಚಾ ಬಗ್ಗಿಸಿ ಕೊಡೋರು! ಮೊನ್ನೆ ಮೊನ್ನೆ ಬಂದಿದ್ದು ಅದು. ನನ್ನ ಬಾಯ್ಲರ್ ಬಂದಾಗ ಈ ಕಟ್ಟಡವೇ ಇರ್ಲಿಲ್ಲ. ಅದನ್ನ ಮಧ್ಯ ಇಟ್ಕೊಂಡು ಸುತ್ತ ಗೋಡೆ ಎಬ್ಬಿಸಿದ್ದು. ಅಂಥದ್ದು ಕೊನೇಲಾ?"

"ಅಕ್ಕ, ನಂಬರ್ ಅಂದ್ರೆ ಬರೀ ಗುರುತು."

"ಓಹೋ. ಹಂಗಾದ್ರೆ ನಾಳೆ ಮಗಳ ಶಾಸ್ತ್ರದಲ್ಲಿ ಹಿರಿಯರಿಗೆ ಅಂತ ಇಡೋ ಕುರಿತಲೆ ನಿಮ್ಮ ಮಾವನ ಮುಂದೆ ಇಡ್ಬೇಡ, ಮೀಸೆ ಮೂಡದ ಹುಡುಗನ ಮುಂದೆ ಇಡು. ಅದೂ ಬರೀ ಮಾಂಸ ತಾನೆ?"

ಮಾವನ ಮುಖ ನೆನೆದು ಮೆದೇರ್ ನಾಲ್ಕೂ ತಗಡು ಬಿಚ್ಚಿದ.

ಹಿರಿತನದ ಪ್ರಕಾರ ಕೊಡುವುದೆಂದಾಯಿತು. ಆದರೆ ಯಂತ್ರಕ್ಕೆ ವಯಸ್ಸು ಎಲ್ಲಿರುತ್ತದೆ? ಸಕ್ಕರೆಯನ್ನು ಗಿರಗಿರನೆ ತಿರುಗಿಸಿ ಪಾಕ ಬೇರ್ಪಡಿಸುವ ಯಂತ್ರದ ಮುಂದೆ ಅವನಿಗೆ ನಿಜಕ್ಕೂ ಕುತೂಹಲ ಹುಟ್ಟಿತು. ಅದರ ಮೋಟಾರು ಹೊಸದು, ಡ್ರಮ್ಮು ಹೊಸದು, ಕಾಲುಗಳೂ ಹೊಸವು.

"ತಾತ, ಇದ್ರಲ್ಲಿ ಹಳೇದು ಅಂತ ಏನು ಉಳಿದಿದೆ?"

ಅದನ್ನು ನಡೆಸುವ ಜೂಮಾಲಿ ತಾತ ಬಿಳಿಗಡ್ಡ ನೀವಿಕೊಂಡ. "ಹೆಸರು. ನಾನು ಹಲ್ಲು ಕಟ್ಟಿಸ್ಕೊಂಡಿದ್ದು ಹೋದ ವರ್ಷ. ಹಂಗಂತ ನಾನು ಒಂದು ವರ್ಷದ ಕೂಸೇನೋ?"

ಹಲ್ಲಿನ ಲೆಕ್ಕ ಒಪ್ಪಿಕೊಂಡು ಮೆದೇರ್ ಮುಂದೆ ಸರಿದ. ಅಲ್ಲಿ ಕುಬಾನಿಚ್ ತನ್ನ ಪಂಪನ್ನು ಅಪ್ಪಿಕೊಂಡಂತೆ ನಿಂತಿದ್ದ.

"ನನ್ನದಕ್ಕೇ ಒಂದನೇ ನಂಬರ್. ಇದು ಬೇರೆ ಊರಿನ ಮುಚ್ಚಿಹೋದ ಕಾರ್ಖಾನೆಯಿಂದ ಬಂದಿದ್ದು. ಅಂದ್ರೆ ಅತಿಥಿ. ಅತಿಥಿ ಎಳೆಯನಾದ್ರೂ ಮೇಲೇ ಕೂರಿಸ್ಬೇಕು."

"ಕುಬಾನಿಚಣ್ಣ, ಇದು ಬಂದಿದ್ದು ನನ್ನ ಮದುವೆಗಿಂತ ಮುಂಚೆ. ಇನ್ನೂ ಅತಿಥಿನಾ?"

"ಯಾರಾದ್ರೂ ಹೊರಡು ಅಂದಿದ್ದೀವಾ? ಇಲ್ವಲ್ಲ. ಹಂಗಾದ್ರೆ ಅತಿಥಿನೇ."

ಆಶ್ಚರ್ಯವೆಂದರೆ ಬುರುಲಕ್ಕನೂ ಇದಕ್ಕೆ ತಲೆಯಾಡಿಸಿದಳು. ಅತಿಥಿ ಪಂಪಿಗೆ ಒಂದು, ಬಾಯ್ಲರಿಗೆ ಎರಡು, ಜೂಮಾಲಿ ತಾತನದಕ್ಕೆ ಮೂರು. ಒಂದೇ ರೈಲು ಡಬ್ಬಿಯಲ್ಲಿ ಬಂದ ಎರಡು ಪಾಕದ ಕಡಾಯಿಗಳಲ್ಲಿ ಮೊದಲು ಇಳಿದದ್ದು ಯಾವುದು ಎಂಬ ಜಗಳಕ್ಕೆ ಊಟದ ಹೊತ್ತು ಆಹುತಿಯಾಯಿತು. ಕೊನೆಗೆ ಅವುಗಳಿಗೆ ನಾಲ್ಕು, ಐದು. ತನ್ನ ಶೆಡ್ಡಿನ ಲೇತು, ಡ್ರಿಲ್ಲು, ಗರಗಸ, ಸಾಣೆ, ವೆಲ್ಡಿಂಗ್ ಯಂತ್ರಗಳಿಗೆ ಮೆದೇರ್ ಕಟ್ಟಕಡೆಯ ನಂಬರುಗಳನ್ನು ಕೊಟ್ಟುಕೊಂಡ. ಬಡಿಸುವವರು ಕಡೆಗೆ ತಾನೆ ಕೂರುವುದು.

ಕೊನೆಯ ಸ್ಕ್ರೂ ಬಿಗಿಯುತ್ತಿದ್ದ ಹಾಗೆ ಶೈಮ್‌ಬೆಕ್ ಜೊತೆ ತಪಾಸಣೆಯ ಚಿನಾರಾ ಬಂದಳು. ಚುರುಕಿನ ಹುಡುಗಿ.

"ಯಾವ ಲೆಕ್ಕದಲ್ಲಿ ಕೊಟ್ಟಿದ್ದೀರಿ?"

"ಹಿರಿತನದ ಲೆಕ್ಕದಲ್ಲಿ ಕಣಮ್ಮ!" ಬುರುಲಕ್ಕ ಎದೆಯುಬ್ಬಿಸಿದಳು.

"ಅಬ್ಬ, ಪುಣ್ಯ ಕಟ್ಕೊಂಡ್ರಿ! ಬೇರೆ ಕಡೆ ಬಾಗಿಲಿಂದ ಕೊಟ್ಟಿರ್ತಾರೆ, ಹಳೇದು ಯಾವುದು ಅಂತ ಹುಡುಕೋದೇ ನನ್ನ ಗೋಳು. ಇಲ್ಲಿ ಮೊದಲ ಐದು ಬರ್ಕೊಂಡ್ರೆ ಮುಗೀತು. ನಾಳೆ ಲಾರಿ ಬರುತ್ತೆ."

"ಹೊಸದು ತರುತ್ತಾ?" ಎಂದಳು ಬುರುಲಕ್ಕ.

"ಹಳೇದು ಒಯ್ಯುತ್ತೆ. ಗುಜರಿಗೆ."

ಬುರುಲಕ್ಕನ ಉಬ್ಬಿದ ಎದೆ ಇಳಿಯಿತು. ಶೈಮ್‌ಬೆಕ್ ಮಾತ್ರ ಸಮಯಕ್ಕೆ ಎಚ್ಚೆತ್ತರು. "ಮೊದ್ಲು ಚಾ ಕುಡೀಬೇಕು ತಂಗಿ. ತಗಡು ಇನ್ನೂ ಬಿಗಿಯಾಗಿಲ್ಲ, ಅಲ್ಲಾಡ್ತಿದೆ" ಎಂದು ಅವಳನ್ನು ಒಳಗೆ ಕರೆದೊಯ್ಯುತ್ತ ಹಿಂದೆ ತಿರುಗಿ ಕಣ್ಣು ಮಿಟುಕಿಸಿದರು.

"ಮೆದೇರ್, ನನ್ನ ಬಾಯ್ಲರಿಗೆ ಕೊಳವೆ ಹಾಕಿಸಿದ್ದು ಹೋದ ಚಳೀಲಿ. ಇನ್ನೂ ಹಾಲುಹಲ್ಲು ಕಣೋ ಅದಕ್ಕೆ!" ಎಂದಳು ಬುರುಲಕ್ಕ.

"ಮೋಟಾರು ಹೊಸದು, ಡ್ರಮ್ಮು ಹೊಸದು. ಹಳೇದು ಏನಿದೆ, ತೋರ್ಸು!" ಎಂದ ಜೂಮಾಲಿ ತಾತ.

"ಹೆಸರು, ತಾತ?"

"ಅದನ್ನೂ ಬದಲಾಯಿಸ್ದೆ, ಈಗ್ಲೇ."

"ಇಷ್ಟು ವರ್ಷ ಇದ್ಮೇಲೆ ಎಂಥ ಅತಿಥಿ? ಮನೆಮಗ!" ಎಂದು ಕುಬಾನಿಚ್ ಪಂಪನ್ನು ತಡವಿದ.

ಆಮೇಲೆ ಎಲ್ಲರ ಕಣ್ಣುಗಳೂ ನಿಧಾನವಾಗಿ ರಿಪೇರಿ ಶೆಡ್ಡಿನತ್ತ ತಿರುಗಿದವು.

"ಪಾಪ, ಈ ಲೇತು ಕಡೇಲಿ ಕೂತಿರೋದು ನನಗ್ಯಾಕೋ ನೋಡೋಕಾಗ್ತಿಲ್ಲ" ಎಂದಳು ಬುರುಲಕ್ಕ.

"ಎಲ್ಲರ ಕಾಯಿಲೆ ವಾಸಿ ಮಾಡೋದು. ವೈದ್ಯರನ್ನ ಮೇಲೆ ಕೂರಿಸ್ಬೇಕು" ಎಂದ ಕುಬಾನಿಚ್.

"ಬೇಡ ಬೇಡ, ನಮ್ಮವು ಕೆಳಗೇ ಇರ್ಲಿ!" ಮೆದೇರ್ ಬಾಗಿಲಿಗೆ ಅಡ್ಡ ನಿಂತ.

"ಸಂಕೋಚ ಪಡ್ಬಾರ್ದು ಮಗ. ಹಿರಿಯರು ಕರೀವಾಗ ಇಲ್ಲ ಅನ್ಬಾರ್ದು" ಎಂದು ಜೂಮಾಲಿ ತಾತ ಅವನ ಭುಜ ಹಿಡಿದು ಪ್ರೀತಿಯಿಂದಲೇ ಪಕ್ಕಕ್ಕೆ ಸರಿಸಿದ. ಯಾರ ಯಾರ ಜೇಬಿನಿಂದಲೋ ಸ್ಕ್ರೂಡ್ರೈವರುಗಳು ಹೊರಬಂದವು. ಒಳಗೆ ಚಾ ಆರುವಷ್ಟರಲ್ಲಿ ಶೆಡ್ಡಿನ ಐದೂ ಯಂತ್ರಗಳು ಒಂದರಿಂದ ಐದರವರೆಗಿನ ಪಟ್ಟವೇರಿದ್ದವು. ಚಿನಾರಾ ಬಂದು ಬರೆದುಕೊಂಡು ಹೋದಳು.

"ಶೈಮ್‌ಬೆಕಣ್ಣ, ಇನ್ಮೇಲೆ ಏನಾದ್ರೂ ಕೆಟ್ರೆ ಯಾವುದ್ರಲ್ಲಿ ರಿಪೇರಿ ಮಾಡೋದು?" ಎಂದ ಮೆದೇರ್.

"ಕೆಟ್ಟಾಗ ನೋಡೋಣ. ಬಾಯ್ಲರ್ ಹೋದ್ರೆ ಸಕ್ಕರೆನೇ ಇಲ್ವಲ್ಲಪ್ಪ. ನಿನ್ನ ರಜೆ ಮಂಜೂರು, ಕೊಟ್ಟ ಮಾತು ಮಾತೇ. ಹೋಗು, ಮಗಳ ಶಾಸ್ತ್ರ ಚೆನ್ನಾಗಿ ಮಾಡು."

"ವಾಪಸ್ ಯಾವತ್ತು ಬರ್ಲಿ?"

ಶೈಮ್‌ಬೆಕ್ ನಾಳೆಗೆ ಬರಿದಾಗಲಿದ್ದ ಶೆಡ್ಡಿನ ಕಡೆ ಒಮ್ಮೆ ನೋಡಿದರು.

"ಅವಸರ ಏನಿಲ್ಲ."